ಏರ್‌ಬ್ಯಾಗ್ ರೀಕಾಲ್: ನಿಮ್ಮ ಗಾಡಿ ಪಟ್ಟಿಯಲ್ಲಿದೆಯಾ ನೋಡಿ, ಸರಿಮಾಡಿಸಿಕೊಳ್ಳುವ ದಾರಿ

ಬ್ರೇಕ್ ಕೆಟ್ಟರೆ ಕಾಲಿಗೆ ಗೊತ್ತಾಗುತ್ತದೆ. ಟೈರ್ ಸವೆದರೆ ಕಣ್ಣಿಗೆ ಕಾಣುತ್ತದೆ. ಎಂಜಿನ್‌ನಲ್ಲಿ ತೊಂದರೆ ಇದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಏರ್‌ಬ್ಯಾಗ್ ಮಾತ್ರ ಹಾಗಲ್ಲ. ಹತ್ತು ಹದಿನೈದು ವರ್ಷ ಸ್ಟಿಯರಿಂಗ್ ಒಳಗೆ ಮಡಿಸಿಟ್ಟ ಹಾಗೇ ಕೂತಿರುತ್ತದೆ. ಅದು ಸರಿಯಿದೆಯೋ ಇಲ್ಲವೋ ಗೊತ್ತಾಗುವುದು ಡಿಕ್ಕಿಯಾದ ಗಳಿಗೆಯಲ್ಲಿ. ಆಗ ಗೊತ್ತಾಗಿ ಉಪಯೋಗವಿಲ್ಲ.

ಅದಕ್ಕೇ ಈ ವಿಷಯದಲ್ಲಿ "ಗಾಡಿ ಚೆನ್ನಾಗೇ ಓಡ್ತಿದೆ" ಅನ್ನುವ ಮಾತನ್ನು ನಂಬಿ ಕೂರುವ ಹಾಗಿಲ್ಲ. ದೋಷ ಕಂಡ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಡುವುದಕ್ಕೆ ರೀಕಾಲ್ ಅನ್ನುತ್ತಾರೆ, ಅದರ ಬಗ್ಗೆ ಮಾಲೀಕರಿಗೆ ಕಾಗದ ಕಳಿಸುತ್ತಾರೆ. ಆದರೆ "ಕಂಪನಿಯಿಂದ ಕಾಗದ ಬಂದಿಲ್ಲ" ಅನ್ನುವುದನ್ನೂ ನಂಬುವ ಹಾಗಿಲ್ಲ. ಮನೆ ಬದಲಾಗಿರುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ, ಗಾಡಿಯೇ ಕೈ ಬದಲಾಗಿರುತ್ತದೆ. ಕಾಗದ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿ ಅಲ್ಲೇ ಬಿದ್ದಿರುತ್ತದೆ. ಆದ್ದರಿಂದ ಹುಡುಕುವ ಕೆಲಸ ನಮ್ಮದೇ. ಅದು ಹತ್ತು ನಿಮಿಷದ ಕೆಲಸ, ಕಾಸೂ ಖರ್ಚಾಗುವುದಿಲ್ಲ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು, ಕೆಡುವುದು ಏನು?

ಇದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಏರ್‌ಬ್ಯಾಗ್ ರೀಕಾಲ್‌ಗಳೆಲ್ಲ ಒಂದೇ ಥರ ಅಲ್ಲ. ಕೆಲವು "ಇವತ್ತೇ ಗಾಡಿ ನಿಲ್ಲಿಸಿ" ಅನ್ನುವಷ್ಟು ಗಂಭೀರ. ಕೆಲವಕ್ಕೆ ನಾಲ್ಕು ದಿನ ಕಾದು ಹೋದರೂ ನಡೆಯುತ್ತದೆ.

ಚೀಲ ಉಬ್ಬಬೇಕಾದರೆ ಗ್ಯಾಸ್ ಬೇಕು. ಆ ಗ್ಯಾಸ್ ತಯಾರಾಗುವ ಲೋಹದ ಡಬ್ಬಿಗೆ ಇನ್‌ಫ್ಲೇಟರ್ ಅನ್ನುತ್ತಾರೆ. ಡ್ರೈವರ್ ಕಡೆಯದು ಅಂಗೈಯಲ್ಲಿ ಹಿಡಿಸುವಷ್ಟು, ದುಂಡಗೆ ಚಪ್ಪಟೆಯಾಗಿರುತ್ತದೆ. ಪಕ್ಕದ ಸೀಟಿನದು ಸಾಮಾನ್ಯವಾಗಿ ಉದ್ದ ಕೊಳವೆಯ ಆಕಾರ. ಒಳಗೆ ಗಟ್ಟಿಯಾಗಿ ಒತ್ತಿ ಮಾಡಿದ ರಾಸಾಯನಿಕದ ಬಿಲ್ಲೆಗಳಿರುತ್ತವೆ. ಡಿಕ್ಕಿ ಆಯಿತು ಅಂತ ಸೆನ್ಸರ್ ಹೇಳಿದ ತಕ್ಷಣ ಒಂದು ಸಣ್ಣ ಕಿಡಿ ಹತ್ತುತ್ತದೆ, ಬಿಲ್ಲೆಗಳು ಉರಿಯುತ್ತವೆ, ಗ್ಯಾಸ್ ಚೀಲಕ್ಕೆ ನುಗ್ಗುತ್ತದೆ. ಇಷ್ಟೂ ಮುಗಿಯುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ. ನಾವು ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಜಪಾನಿನ ತಕಾಟಾ ಕಂಪನಿ ತಯಾರಿಸಿದ ಇನ್‌ಫ್ಲೇಟರ್‌ಗಳಲ್ಲಿ ಎಡವಟ್ಟಾಗಿದ್ದು ಇಲ್ಲೇ. ಆ ಬಿಲ್ಲೆಗಳಿಗೆ ಅವರು ಅಮೋನಿಯಂ ನೈಟ್ರೇಟ್ ಬಳಸಿದ್ದರು. ಅದು ಅಗ್ಗ, ಆದರೆ ತೇವಕ್ಕೂ ಬಿಸಿಲಿಗೂ ತಡೆಯದ ವಸ್ತು. ಹಗಲು ಕಾದು ರಾತ್ರಿ ತಣ್ಣಗಾಗಿ, ಗಾಳಿಯ ತೇವ ಎಳೆದುಕೊಂಡು, ವರ್ಷಗಳು ಕಳೆದಂತೆ ಬಿಲ್ಲೆ ಒಳಗೊಳಗೇ ಸಡಿಲವಾಗುತ್ತದೆ. ದಪ್ಪ ಕೊರಡು ನಿಧಾನವಾಗಿ ಉರಿಯುತ್ತದೆ, ಅದನ್ನೇ ಪುಡಿ ಮಾಡಿ ಬೆಂಕಿಗೆ ಹಾಕಿದರೆ ಭುಗ್ಗನೆ ಹೊತ್ತಿಕೊಳ್ಳುತ್ತದೆ ಅಲ್ವಾ, ಇಲ್ಲೂ ಹಾಗೇ. ಸಡಿಲವಾದ ಬಿಲ್ಲೆ ಬೇಕಾದ್ದಕ್ಕಿಂತ ವೇಗವಾಗಿ ಉರಿಯುತ್ತದೆ. ಒಳಗಿನ ಒತ್ತಡ ತಡೆಯದೆ ಲೋಹದ ಡಬ್ಬಿಯೇ ಸಿಡಿಯುತ್ತದೆ. ಅದರ ಚೂರುಗಳು ಚೀಲವನ್ನು ಹರಿದುಕೊಂಡು ಕೂತವರ ಮುಖ, ಕುತ್ತಿಗೆ, ಎದೆಗೆ ಬಡಿಯುತ್ತವೆ. ಬದುಕಿ ಬರಬಹುದಾಗಿದ್ದ ಸಣ್ಣ ಅಪಘಾತಗಳಲ್ಲೂ ಜನ ಸತ್ತದ್ದು ಹೀಗೆ.

ಈ ರೀಕಾಲ್ 2008ರಲ್ಲಿ ಹೋಂಡಾದ ಸುಮಾರು 4,000 ಕಾರುಗಳಿಂದ ಶುರುವಾಯಿತು. ಆಮೇಲೆ ಟೊಯೊಟಾ, ನಿಸ್ಸಾನ್, ಮಜ್ದಾ, ಫೋರ್ಡ್, ಬಿಎಂಡಬ್ಲ್ಯು ಅಂತ ಒಂದೊಂದೇ ಹೆಸರು ಸೇರುತ್ತಾ ಹೋಯಿತು. ಜಗತ್ತಿನಾದ್ಯಂತ ವಾಪಸ್ ಕರೆದ ಇನ್‌ಫ್ಲೇಟರ್‌ಗಳ ಸಂಖ್ಯೆ ಸುಮಾರು 10 ಕೋಟಿ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ. ಅಲ್ಲಿ 25ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಗಾಯಗೊಂಡವರು ನೂರಾರು. 2017ರ ಜನವರಿಯಲ್ಲಿ ತಕಾಟಾ ವಂಚನೆಯ ತಪ್ಪೊಪ್ಪಿಕೊಳ್ಳಲು ಸಮ್ಮತಿಸಿತು. ಪರೀಕ್ಷೆಯಲ್ಲಿ ಬಂದ ಫಲಿತಾಂಶಗಳನ್ನು ತಿದ್ದಿ ಕಾರು ಕಂಪನಿಗಳಿಗೆ ಕೊಟ್ಟಿತ್ತು ಅನ್ನುವುದು ಆರೋಪ. 100 ಕೋಟಿ ಡಾಲರ್ ದಂಡ ಮತ್ತು ಪರಿಹಾರಕ್ಕೆ ಒಪ್ಪಿಕೊಂಡು, ಅದೇ ವರ್ಷ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕಂಪನಿ ಮುಳುಗಿತು, ಅದರ ಇನ್‌ಫ್ಲೇಟರ್ ಇರುವ ಗಾಡಿಗಳು ಇನ್ನೂ ಓಡುತ್ತಿವೆ. ವರ್ಷ ಕಳೆದಷ್ಟೂ ಅವುಗಳ ಅಪಾಯ ಹೆಚ್ಚುತ್ತದೆ. ಸೆಕೆ ಮತ್ತು ತೇವ ಎರಡೂ ಜಾಸ್ತಿ ಇರುವ ಕಡೆ, ಅದರಲ್ಲೂ ಕರಾವಳಿಯಲ್ಲಿ, ಇನ್ನೂ ಬೇಗ.

ಇನ್‌ಫ್ಲೇಟರ್ ಬಿಟ್ಟು ಬೇರೆ ದೋಷಗಳೂ ಇವೆ. ಸ್ಟಿಯರಿಂಗ್ ತಿರುಗುವಾಗ ಏರ್‌ಬ್ಯಾಗ್‌ಗೆ ಹೋಗುವ ವೈರ್ ತುಂಡಾಗದಿರಲಿ ಅಂತ ಸುರುಳಿ ಸುತ್ತಿದ ಒಂದು ಭಾಗ ಇರುತ್ತದೆ, ಕ್ಲಾಕ್ ಸ್ಪ್ರಿಂಗ್ ಅಂತ. ಅದು ಹಾಳಾದರೆ ಡ್ರೈವರ್ ಏರ್‌ಬ್ಯಾಗ್ ತೆರೆಯದೇ ಇರಬಹುದು. ಪಕ್ಕದ ಸೀಟಿನಲ್ಲಿ ಕೂತಿರುವುದು ಮಗುವೋ ದೊಡ್ಡವರೋ ಅಂತ ಗುರುತಿಸುವ ಸೆನ್ಸರ್ ಕೆಡಬಹುದು. 2023ರ ಡಿಸೆಂಬರ್‌ನಲ್ಲಿ ಟೊಯೊಟಾ, 2024ರ ಫೆಬ್ರವರಿಯಲ್ಲಿ ಹೋಂಡಾ ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆದದ್ದು ಈ ಸೆನ್ಸರ್‌ಗಾಗಿ. ಏರ್‌ಬ್ಯಾಗ್‌ಗೆ ಅಪ್ಪಣೆ ಕೊಡುವ ಕಂಟ್ರೋಲರ್ ಕೂಡ ಕೈಕೊಡುತ್ತದೆ. ಭಾರತದಲ್ಲಿ ಮಾರುತಿ ಸುಜುಕಿ 2023ರ ಜನವರಿಯಲ್ಲಿ 17,362 ಗಾಡಿಗಳನ್ನು ಕರೆದದ್ದು ಕಂಟ್ರೋಲರ್ ಬದಲಿಸಲು. ಅವು ಆಗತಾನೇ ಕಾರ್ಖಾನೆಯಿಂದ ಬಂದಿದ್ದ ಗಾಡಿಗಳು. ಹಾಗಾಗಿ ಗಾಡಿ ಹೊಸದು, ನಮಗೆ ಈ ಗೊಡವೆ ಬೇಡ ಅಂದುಕೊಳ್ಳುವ ಹಾಗೂ ಇಲ್ಲ.

ಹಂತ 1: ಚಾಸಿಸ್ ನಂಬರ್ ಹುಡುಕಿ ಬರೆದಿಟ್ಟುಕೊಳ್ಳಿ

ಗಾಡಿಯ ಮಾಡೆಲ್ ಮತ್ತು ವರ್ಷ ಗೊತ್ತಿದ್ದರೆ ಸಾಲದು. ಒಂದೇ ಮಾಡೆಲ್, ಒಂದೇ ವರ್ಷ, ಆದರೂ ಮಾರ್ಚ್‌ನಲ್ಲಿ ತಯಾರಾದ ಗಾಡಿ ಪಟ್ಟಿಯಲ್ಲಿದ್ದು ಜೂನ್‌ನಲ್ಲಿ ತಯಾರಾದದ್ದು ಇಲ್ಲದಿರಬಹುದು. ಅದಕ್ಕೆ ಬೇಕಾದದ್ದು ಚಾಸಿಸ್ ನಂಬರ್. ಇದಕ್ಕೇ ವಿಐಎನ್ ಅಂತಲೂ ಹೇಳುತ್ತಾರೆ. ಒಟ್ಟು 17 ಅಕ್ಷರ ಮತ್ತು ಅಂಕಿ.

ಗಾಡಿಯ ನೋಂದಣಿ ಪತ್ರದಲ್ಲಿ ಇದು ಇದ್ದೇ ಇರುತ್ತದೆ. ವಿಮೆ ಪತ್ರದಲ್ಲೂ ಇರುತ್ತದೆ. ಗಾಡಿಯ ಮೇಲೇ ನೋಡಬೇಕೆಂದರೆ ಹೊರಗೆ ನಿಂತು ಮುಂದಿನ ಗಾಜಿನ ಕೆಳಮೂಲೆಯಲ್ಲಿ ಇಣುಕಿ ನೋಡಿ. ಡ್ಯಾಶ್‌ಬೋರ್ಡ್ ಗಾಜಿಗೆ ಸೇರುವ ಜಾಗದಲ್ಲಿ ಒಂದು ಸಣ್ಣ ಪಟ್ಟಿಯಲ್ಲಿ ಕೊರೆದಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಮುಂದಿನ ಬಾಗಿಲು ತೆಗೆದು ಬಾಗಿಲು ಕೂರುವ ಕಂಬದ ಮೇಲಿನ ಸ್ಟಿಕರ್ ನೋಡಿ. ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗೆ ಅಥವಾ ಸೀಟಿನ ಕೆಳಗಿನ ಲೋಹದ ಮೇಲೂ ಇರುತ್ತದೆ.

ಬರೆದುಕೊಳ್ಳುವಾಗ ಒಂದು ವಿಷಯ ನೆನಪಿಡಿ. ಈ ನಂಬರ್‌ನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗದಿರಲಿ ಅಂತ. ಹಾಗಾಗಿ ದುಂಡಗೆ ಕಂಡದ್ದು ಸೊನ್ನೆ, ನೆಟ್ಟಗೆ ಗೆರೆಯಂತೆ ಕಂಡದ್ದು ಒಂದು. ಒಂದೇ ಒಂದು ಅಕ್ಷರ ತಪ್ಪಾದರೂ ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ, ನೀವು "ಸದ್ಯ, ನಮ್ಮ ಗಾಡಿ ಇಲ್ಲ" ಅಂದುಕೊಂಡು ಸುಮ್ಮನಾಗಿಬಿಡುತ್ತೀರಿ. ಫೋನಿನಲ್ಲಿ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ನೋಡುತ್ತಾ ಟೈಪ್ ಮಾಡಿ. ಫೋಟೋ ಹಾಗೇ ಇಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಹಂತ 2: ಎರಡು ಕಡೆ ಹುಡುಕಿ

ಮೊದಲನೆಯದು, ಗಾಡಿ ಕಂಪನಿಯ ಸ್ವಂತ ವೆಬ್‌ಸೈಟ್. ಹೆಚ್ಚಿನ ಕಂಪನಿಗಳು ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಅನ್ನುವ ಹೆಸರಿನಲ್ಲಿ ಒಂದು ಪುಟ ಇಟ್ಟಿರುತ್ತವೆ. ಅಲ್ಲಿ ಚಾಸಿಸ್ ನಂಬರ್ ಹಾಕಿದರೆ ಇದೆ ಅಥವಾ ಇಲ್ಲ ಅಂತ ಬರುತ್ತದೆ.

ಎರಡನೆಯದು, ನೀವಿರುವ ದೇಶದ ಸರ್ಕಾರಿ ಪಟ್ಟಿ. ಅಮೆರಿಕದಲ್ಲಿ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಎನ್‌ಎಚ್‌ಟಿಎಸ್‌ಎ ಸಂಸ್ಥೆಯ ಜಾಲತಾಣದಲ್ಲಿ ಚಾಸಿಸ್ ನಂಬರ್ ಹಾಕಿ ನೋಡಬಹುದು. ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಸರ್ಕಾರದ ರೀಕಾಲ್ ತಾಣಗಳಿವೆ. ಕೆನಡಾದವರು ಸಾರಿಗೆ ಇಲಾಖೆಯ ಪಟ್ಟಿ ನೋಡಬೇಕು. ಭಾರತದಲ್ಲಿ ಗಾಡಿ ತಯಾರಕರ ಒಕ್ಕೂಟ ಸಿಯಾಮ್ ತನ್ನ ಸದಸ್ಯ ಕಂಪನಿಗಳ ರೀಕಾಲ್‌ಗಳನ್ನು ಪ್ರಕಟಿಸುತ್ತದೆ. ಇದರ ಜೊತೆಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಅನ್ನುವ ಸೆಕ್ಷನ್ ಸೇರಿದೆ. ದೋಷ ಇರುವ ಗಾಡಿಗಳನ್ನು ವಾಪಸ್ ಕರೆಯಿರಿ ಅಂತ ಸರ್ಕಾರವೇ ಕಂಪನಿಗೆ ಆದೇಶ ಕೊಡುವ ಅಧಿಕಾರ ಅದರಲ್ಲಿದೆ.

ಎರಡು ಕಡೆ ಯಾಕೆ ಅಂದರೆ, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣಬಹುದು. ಇವತ್ತು ಘೋಷಣೆಯಾದ ರೀಕಾಲ್‌ಗೆ ಚಾಸಿಸ್ ನಂಬರ್‌ಗಳ ಪಟ್ಟಿ ಸೇರಲು ಸಮಯ ಹಿಡಿಯುತ್ತದೆ. ಅಮೆರಿಕದ ತಾಣ 15 ವರ್ಷಕ್ಕಿಂತ ಹಿಂದಿನ ರೀಕಾಲ್‌ಗಳನ್ನು ತೋರಿಸದೇ ಇರಬಹುದು. ಇನ್ನು ಬೇರೆ ದೇಶದಿಂದ ತರಿಸಿದ ಗಾಡಿಯಾದರೆ ಇಲ್ಲಿನ ಪಟ್ಟಿಯಲ್ಲಿ ಅದರ ನಂಬರ್ ಇರುವುದೇ ಇಲ್ಲ. ಅಂಥ ಗಾಡಿಯನ್ನು ಅದು ಮೊದಲು ಮಾರಾಟವಾದ ದೇಶದ ಪಟ್ಟಿಯಲ್ಲಿ ಹುಡುಕಬೇಕು.

ಕಂಪ್ಯೂಟರ್, ಇಂಟರ್ನೆಟ್ ಬೇಡ ಅನ್ನುವವರು ಅದೇ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ನಂಬರ್ ಓದಿ ಹೇಳಿದರೂ ಆಯಿತು. "ಈ ಚಾಸಿಸ್ ನಂಬರ್‌ಗೆ ಬಾಕಿ ಇರುವ ರೀಕಾಲ್ ಏನಾದರೂ ಇದೆಯಾ ನೋಡಿ ಹೇಳಿ" ಅಂತ ಕೇಳಿ. ಬಾಕಿ ಅನ್ನುವ ಮಾತು ಬಿಡಬೇಡಿ. ಅವರ ಪರದೆಯಲ್ಲಿ ಮುಗಿದದ್ದು, ಬಾಕಿ ಇರುವುದು ಬೇರೆ ಬೇರೆಯಾಗಿ ಕಾಣುತ್ತದೆ.

ಒಂದು ಎಚ್ಚರಿಕೆ ಕೂಡ. "ನಿಮ್ಮ ಗಾಡಿ ರೀಕಾಲ್ ಆಗಿದೆ, ಈ ಲಿಂಕ್ ಒತ್ತಿ, ಇಷ್ಟು ದುಡ್ಡು ಕಟ್ಟಿ" ಅಂತ ಮೆಸೇಜ್ ಬಂದರೆ ಒತ್ತಬೇಡಿ. ರೀಕಾಲ್ ಕೆಲಸಕ್ಕೆ ಮುಂಗಡವಾಗಿ ದುಡ್ಡು ಕೇಳುವ ಪದ್ಧತಿ ಇಲ್ಲ, ಒಟಿಪಿಯೂ ಬೇಕಾಗಿಲ್ಲ. ಸುದ್ದಿ ನಿಜವೇ ಇರಬಹುದು, ಆದರೆ ಅದನ್ನು ಕಂಪನಿಯ ತಾಣದಲ್ಲಿ ನೀವೇ ಹೋಗಿ ನೋಡಿ.

ಹಂತ 3: ರೀಕಾಲ್ ನೋಟಿಸ್ ಪೂರ್ತಿ ಓದಿ

ಇದೆ ಅಂತ ಬಂದರೆ ಗಾಬರಿ ಬೇಡ, ಉದಾಸೀನವೂ ಬೇಡ. ನೋಟಿಸಿನಲ್ಲಿ ನೋಡಬೇಕಾದ ವಿಷಯ ಮೂರು. ಯಾವ ಏರ್‌ಬ್ಯಾಗ್, ಡ್ರೈವರ್ ಕಡೆಯದೋ ಪಕ್ಕದ ಸೀಟಿನದೋ. ದೋಷ ಏನು, ಸಿಡಿಯುವುದೋ ತೆರೆಯದೇ ಇರುವುದೋ. ಅಲ್ಲಿಯವರೆಗೆ ಓಡಿಸಬಹುದೋ ಇಲ್ಲವೋ.

ಮೂರನೆಯದೇ ಮುಖ್ಯ. "ಓಡಿಸಬೇಡಿ" ಅಂತ ಬರೆದಿದ್ದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಿ. ಪಕ್ಕದ ಬೀದಿಗೂ ಬೇಡ, ಸರ್ವಿಸ್ ಸೆಂಟರ್‌ಗೆ ಓಡಿಸಿಕೊಂಡು ಹೋಗುವುದೂ ಬೇಡ. ಕಂಪನಿಗಳು ಈ ಮಾತನ್ನು ಸುಮ್ನೆ ಬರೆಯುವುದಿಲ್ಲ. ಅವರಿಗೆ ಅದರಿಂದ ಖರ್ಚು, ತಲೆನೋವು, ಕೆಟ್ಟ ಹೆಸರು ಎಲ್ಲ ಬರುತ್ತದೆ. ಅಷ್ಟಾದರೂ ಬರೆದಿದ್ದಾರೆ ಅಂದರೆ ಅಪಾಯ ಅಷ್ಟಿದೆ ಅಂತಲೇ ಅರ್ಥ. 2001ರಿಂದ 2003ರ ನಡುವಿನ ಕೆಲವು ಹೋಂಡಾ ಮತ್ತು ಅಕ್ಯುರಾ ಗಾಡಿಗಳ ಇನ್‌ಫ್ಲೇಟರ್‌ಗಳನ್ನು ಪರೀಕ್ಷಿಸಿದಾಗ, ಡಿಕ್ಕಿಯಲ್ಲಿ ಅವು ಸಿಡಿಯುವ ಸಾಧ್ಯತೆ ಶೇ. 50ರವರೆಗೂ ಇದೆ ಅಂತ ಅಮೆರಿಕದ ಸುರಕ್ಷತಾ ಸಂಸ್ಥೆ 2016ರಲ್ಲಿ ಎಚ್ಚರಿಸಿತು. ಯುರೋಪಿನಲ್ಲಿ ಹಳೆಯ ಸಿಟ್ರೊಯೆನ್ ಸಿ3 ಮತ್ತು ಡಿಎಸ್3 ಮಾಲೀಕರಿಗೆ 2024ರಲ್ಲಿ ಮತ್ತು 2025ರಲ್ಲಿ ಗಾಡಿ ನಿಲ್ಲಿಸಿ ಅಂತ ಹೇಳಿದ್ದೂ ತಕಾಟಾ ಏರ್‌ಬ್ಯಾಗ್‌ಗಾಗಿಯೇ. ಇದು ಮುಗಿದುಹೋದ ಹಳೆಯ ಕಥೆ ಅಲ್ಲ ಅಂತ ಹೇಳಲು ಇಷ್ಟು ಸಾಕು.

ಇಂಥ ನೋಟಿಸ್ ಇದ್ದಾಗ ಗಾಡಿಯನ್ನು ಟೋ ಮಾಡಿಸಿಕೊಂಡು ಹೋಗಿ ಅಂತ, ಇಲ್ಲವೇ ಮನೆಗೇ ಬಂದು ಸರಿಮಾಡಿಕೊಡಿ ಅಂತ ಕಂಪನಿಯನ್ನು ಕೇಳಿ. ಹಲವು ಕಂಪನಿಗಳು ಇದನ್ನು ಉಚಿತವಾಗಿ ಮಾಡಿಕೊಟ್ಟಿವೆ. ಕೇಳದವರಿಗೆ ಅವರಾಗಿಯೇ ಹೇಳುವುದು ಅಪರೂಪ.

ಹಂತ 4: ಸರ್ವಿಸ್ ಸೆಂಟರ್‌ಗೆ ಫೋನ್

ಇಲ್ಲಿ ಹಲವರು ಸೋತು ಕೈಬಿಡುತ್ತಾರೆ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೊದಲಿಗೆ ನಿಮ್ಮ ಹಕ್ಕು ತಿಳಿದಿರಲಿ. ರೀಕಾಲ್ ಕೆಲಸ ಉಚಿತ. ಬಿಡಿಭಾಗಕ್ಕೂ ಕೂಲಿಗೂ ದುಡ್ಡಿಲ್ಲ. ವಾರಂಟಿ ಮುಗಿದಿದ್ದರೂ, ನೀವು ಎರಡನೇ ಅಥವಾ ನಾಲ್ಕನೇ ಮಾಲೀಕರಾಗಿದ್ದರೂ, ಇಷ್ಟು ವರ್ಷ ಹೊರಗಿನ ಗ್ಯಾರೇಜಿನಲ್ಲೇ ಸರ್ವಿಸ್ ಮಾಡಿಸಿದ್ದರೂ ವ್ಯತ್ಯಾಸ ಇಲ್ಲ. ಗಾಡಿ ಎಲ್ಲಿ ಕೊಂಡಿರೋ ಅದೇ ಶೋರೂಮಿಗೆ ಹೋಗಬೇಕೆಂದೂ ಇಲ್ಲ, ಆ ಬ್ರ್ಯಾಂಡಿನ ಯಾವ ಅಧಿಕೃತ ಸೆಂಟರ್ ಆದರೂ ಸರಿ. "ಮೊದಲು ಪೇಯ್ಡ್ ಸರ್ವಿಸ್ ಮಾಡಿಸಿ, ಆಮೇಲೆ ಇದು" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ರೀಕಾಲ್ ಕೆಲಸ ಮಾತ್ರ ಸಾಕು ಅಂತ ಸ್ಪಷ್ಟವಾಗಿ ಹೇಳಿ. ತುಂಬ ಹಳೆಯ ಗಾಡಿಗಳಿಗೆ ಕೆಲವು ದೇಶಗಳ ಕಾನೂನಿನಲ್ಲಿ ವರ್ಷದ ಮಿತಿ ಇದೆ, ಅಮೆರಿಕದಲ್ಲಿ ಅದು 15 ವರ್ಷ. ಆದರೆ ಏರ್‌ಬ್ಯಾಗ್ ವಿಷಯದಲ್ಲಿ ಮಿತಿ ದಾಟಿದ ಗಾಡಿಗಳಿಗೂ ಕಂಪನಿಗಳು ಉಚಿತವಾಗಿ ಮಾಡಿಕೊಟ್ಟಿವೆ. ಹಾಗಾಗಿ ಹಳೆಯದು ಅಂತ ನೀವೇ ಹಿಂಜರಿಯಬೇಡಿ.

ಫೋನಿನಲ್ಲಿ ಈ ರೀತಿ ಕೇಳಿ:

"ನಮ್ಮ ಗಾಡಿಗೆ ಏರ್‌ಬ್ಯಾಗ್ ರೀಕಾಲ್ ಬಾಕಿ ಇದೆ. ಬಿಡಿಭಾಗ ಈಗ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಯಾವತ್ತು ಬರುತ್ತದೆ? ಬರುವವರೆಗೆ ಓಡಿಸಬಹುದಾ? ಬದಲಿ ಗಾಡಿ ಕೊಡುತ್ತೀರಾ?"

ಬಿಡಿಭಾಗ ಇಲ್ಲ ಅನ್ನುವ ಉತ್ತರ ಬರುವ ಸಾಧ್ಯತೆ ಇದೆ. ತಕಾಟಾ ಸಮಯದಲ್ಲಿ ಹೀಗಾಗಿ ಜನ ತಿಂಗಳುಗಟ್ಟಲೆ ಕಾದರು. ಆಗ "ಬಂದಾಗ ನಾವೇ ಫೋನ್ ಮಾಡ್ತೀವಿ" ಅನ್ನುವ ಮಾತಿಗೆ ಬಿಟ್ಟುಬಿಡಬೇಡಿ. ನಿಮ್ಮ ಹೆಸರು, ಚಾಸಿಸ್ ನಂಬರ್ ಬರೆಸಿ ಬಿಡಿಭಾಗಕ್ಕೆ ಆರ್ಡರ್ ಹಾಕಿಸಿ. ಆರ್ಡರ್ ನಂಬರ್ ಕೇಳಿ ಪಡೆಯಿರಿ. ಮಾತಾಡಿದವರ ಹೆಸರು, ತಾರೀಕು ಬರೆದುಕೊಳ್ಳಿ. ಇನ್ನೊಂದು ಸೆಂಟರ್‌ಗೂ ಫೋನ್ ಮಾಡಿ, ಒಂದು ಕಡೆ ಇಲ್ಲದ್ದು ಇನ್ನೊಂದು ಕಡೆ ಇರುತ್ತದೆ. ಎರಡು ಕಡೆಯೂ ಆಗದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಇ-ಮೇಲ್ ಬರೆಯಿರಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ, ಬರೆದದ್ದಕ್ಕೆ ಇರುತ್ತದೆ. ಅದಕ್ಕೂ ಉತ್ತರ ಬರದಿದ್ದರೆ ಹಂತ 2ರಲ್ಲಿ ಹೇಳಿದ ಸರ್ಕಾರಿ ಸಂಸ್ಥೆಗೆ ದೂರು ಕೊಡಿ. ಆ ದೂರುಗಳು ವ್ಯರ್ಥವಾಗುವುದಿಲ್ಲ. ಎಷ್ಟೋ ರೀಕಾಲ್‌ಗಳು ಶುರುವಾಗಿರುವುದೇ ಮಾಲೀಕರು ಕೊಟ್ಟ ದೂರುಗಳಿಂದ.

ಹಂತ 5: ಸರಿಯಾಗುವವರೆಗೆ

"ಓಡಿಸಬೇಡಿ" ಅಂತ ಇಲ್ಲದ ರೀಕಾಲ್‌ಗಳಲ್ಲಿ ಕಾಯುವ ದಿನಗಳನ್ನು ಹೀಗೆ ಕಳೆಯಿರಿ.

ದೋಷ ಪಕ್ಕದ ಸೀಟಿನ ಏರ್‌ಬ್ಯಾಗ್‌ನದಾದರೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ಹಿಂದೆ ಕೂರಲಿ. ಮಕ್ಕಳಂತೂ ಯಾವಾಗಲೂ ಹಿಂದಿನ ಸೀಟಿನಲ್ಲೇ. ದೋಷ ಡ್ರೈವರ್ ಕಡೆಯದಾದರೆ ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಓಡಾಟ ಕಡಿಮೆ ಮಾಡಿ.

ಸೀಟ್ ಬೆಲ್ಟ್ ಬಿಡಬೇಡಿ. ಏರ್‌ಬ್ಯಾಗ್ ತೆರೆಯದೇ ಹೋದರೆ ನಿಮ್ಮನ್ನು ಹಿಡಿದುಕೊಳ್ಳುವುದು ಅದೊಂದೇ. ಎದೆಗೂ ಸ್ಟಿಯರಿಂಗ್‌ಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರ ಇರುವ ಹಾಗೆ ಸೀಟು ಹಿಂದಕ್ಕೆ ಮಾಡಿಕೊಳ್ಳಿ. ಇದು ಸರಿಯಿರುವ ಏರ್‌ಬ್ಯಾಗ್‌ಗೂ ಅನ್ವಯಿಸುವ ಮಾತು.

ಇನ್ನು ಒಂದು ಕೆಲಸ ಖಂಡಿತ ಮಾಡಬೇಡಿ. ಏರ್‌ಬ್ಯಾಗ್ ಅನ್ನು ನೀವೇ ಬಿಚ್ಚುವುದು, ಫ್ಯೂಸ್ ಕೀಳುವುದು, ಪರಿಚಯದ ಮೆಕ್ಯಾನಿಕ್‌ಗೆ ಹೇಳಿ ಕನೆಕ್ಷನ್ ತೆಗೆಸುವುದು ಬೇಡ. ಮೆಕ್ಯಾನಿಕ್ ಎಷ್ಟೇ ಒಳ್ಳೆಯವರಾದರೂ, ಒಳಗೆ ಇರುವುದು ಸಿಡಿಯುವ ವಸ್ತು. ಬ್ಯಾಟರಿ ತೆಗೆದ ಮೇಲೂ ಕೆಲವು ನಿಮಿಷ ಅದರ ಸರ್ಕ್ಯೂಟಿನಲ್ಲಿ ವಿದ್ಯುತ್ ಉಳಿದಿರುತ್ತದೆ. ತಪ್ಪಾಗಿ ಮುಟ್ಟಿದರೆ ಮುಖದ ಎದುರೇ ತೆರೆದುಕೊಳ್ಳಬಹುದು.

ಹಂತ 6: ರಿಪೇರಿಯ ದಿನ

ಕೆಲಸ ದೊಡ್ಡದಲ್ಲ. ಹೆಚ್ಚಿನ ಗಾಡಿಗಳಲ್ಲಿ ಬೆಳಗ್ಗೆ ಬಿಟ್ಟರೆ ಸಂಜೆಯೊಳಗೆ ಸಿಗುತ್ತದೆ. ಗಾಡಿ ಬಿಡುವಾಗ ಜಾಬ್ ಕಾರ್ಡ್‌ನಲ್ಲಿ ರೀಕಾಲ್ ಹೆಸರು ಅಥವಾ ಸಂಖ್ಯೆ ಬರೆದಿದ್ದಾರಾ ನೋಡಿ. "ಜನರಲ್ ಚೆಕಪ್" ಅಂತ ಬರೆದಿದ್ದರೆ ತಿದ್ದಿಸಿ.

ವಾಪಸ್ ತೆಗೆದುಕೊಳ್ಳುವಾಗ ಮೂರು ಕೆಲಸ ಮಾಡಿ. ಬಿಲ್ಲಿನಲ್ಲಿ ಬದಲಿಸಿದ ಭಾಗದ ಹೆಸರು ಇದ್ದು, ಮೊತ್ತ ಸೊನ್ನೆ ಇರಬೇಕು. ಕಂಪನಿಯ ಕಂಪ್ಯೂಟರಿನಲ್ಲಿ ರೀಕಾಲ್ ಮುಗಿದಿದೆ ಅಂತ ದಾಖಲಾಗಿರಬೇಕು, ಅದನ್ನು ಅಲ್ಲೇ ತೋರಿಸಲು ಹೇಳಿ. ಮೂರನೆಯದು ಡ್ಯಾಶ್‌ಬೋರ್ಡಿನ ದೀಪ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ಚಿತ್ರ ಇರುವ ಅಥವಾ ಎಸ್‌ಆರ್‌ಎಸ್ ಅಂತ ಬರೆದಿರುವ ದೀಪ ಹೊತ್ತಿ, ಕೆಲವು ಸೆಕೆಂಡು ಇದ್ದು, ಆರಬೇಕು. ಆರದೇ ಉಳಿದರೆ ಗಾಡಿಯನ್ನು ಅಲ್ಲಿಂದ ಕದಲಿಸಬೇಡಿ, ಅವರನ್ನೇ ಕರೆದು ತೋರಿಸಿ.

ಆದರೆ ಈ ದೀಪ ಆರಿತು ಅಂದ ಮಾತ್ರಕ್ಕೆ ಇನ್‌ಫ್ಲೇಟರ್ ಚೆನ್ನಾಗಿದೆ ಅಂತ ಅಲ್ಲ. ದೀಪ ನೋಡುವುದು ವೈರಿಂಗ್ ಮತ್ತು ಸೆನ್ಸರ್‌ಗಳನ್ನು. ಡಬ್ಬಿಯೊಳಗಿನ ಬಿಲ್ಲೆ ಸಡಿಲವಾಗಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ರೀಕಾಲ್ ಆದ ತಕಾಟಾ ಇನ್‌ಫ್ಲೇಟರ್ ಇರುವ ಗಾಡಿಯಲ್ಲೂ ದೀಪ ಎಂದಿನಂತೆ ಹೊತ್ತಿ ಆರುತ್ತದೆ.

ಒಮ್ಮೆ ಸರಿಮಾಡಿಸಿದವರೂ ಮತ್ತೆ ನೋಡಿ

ಇದು ತುಂಬ ಜನರಿಗೆ ಗೊತ್ತಿಲ್ಲದ ವಿಷಯ. ತಕಾಟಾ ಸಮಯದಲ್ಲಿ ಒಳ್ಳೆಯ ಬಿಡಿಭಾಗ ಸಾಕಾಗದೆ, ಹಳೆಯ ಇನ್‌ಫ್ಲೇಟರ್ ತೆಗೆದು ಅದೇ ಬಗೆಯ ಹೊಸದನ್ನು ಹಾಕಿಕೊಟ್ಟದ್ದುಂಟು. ಹೊಸದಾದ್ದರಿಂದ ಕೆಲವು ವರ್ಷ ಅಪಾಯವಿಲ್ಲ ಅನ್ನುವ ಲೆಕ್ಕ. ಆಮೇಲೆ ಅವುಗಳನ್ನೂ ಮತ್ತೆ ವಾಪಸ್ ಕರೆದರು. ಮೊದಲ ಸಲ ಹೋಗಿ ಬಂದ ಎಷ್ಟೋ ಜನ "ನಮ್ಮದು ಆಯ್ತಲ್ಲ" ಅಂತ ಎರಡನೇ ಕರೆಗೆ ಓಗೊಡಲಿಲ್ಲ. ನಿಮ್ಮದು ಹಳೆಯ ಗಾಡಿಯಾಗಿದ್ದು, ಹಿಂದೊಮ್ಮೆ ಏರ್‌ಬ್ಯಾಗ್ ಬದಲಾಗಿದ್ದರೆ ಇವತ್ತು ಇನ್ನೊಮ್ಮೆ ಚಾಸಿಸ್ ನಂಬರ್ ಹಾಕಿ ನೋಡಿ.

ಉಳಿದವರು ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ವಿಮೆ ನವೀಕರಿಸುವ ದಿನ ಒಮ್ಮೆ, ಅದಾಗಿ ಆರು ತಿಂಗಳಿಗೆ ಇನ್ನೊಮ್ಮೆ. ವಿಳಾಸ ಅಥವಾ ಫೋನ್ ನಂಬರ್ ಬದಲಾದರೆ ಗಾಡಿ ಕಂಪನಿಗೂ ತಿಳಿಸಿ, ನೋಂದಣಿ ದಾಖಲೆಯಲ್ಲೂ ಬದಲಿಸಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ

ದುಡ್ಡು ಕೊಡುವ ಮೊದಲು ಚಾಸಿಸ್ ನಂಬರ್ ಕೇಳಿ, ರೀಕಾಲ್ ನೋಡಿ. ಬಾಕಿ ಇದ್ದರೆ ಮಾರುವವರೇ ಮಾಡಿಸಿಕೊಡಲಿ, ಆಮೇಲೆ ವ್ಯವಹಾರ. ಉಚಿತ ಕೆಲಸವಾದ್ದರಿಂದ ಅವರಿಗೆ ನಷ್ಟವಿಲ್ಲ. "ತಗೊಂಡ ಮೇಲೆ ನೀವೇ ಮಾಡಿಸ್ಕೊಳ್ಳಿ" ಅಂದರೆ, ಬಿಡಿಭಾಗ ಸಿಗುತ್ತದೆಯೇ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳದೆ ಮುಂದುವರಿಯಬೇಡಿ.

ಎಸ್‌ಆರ್‌ಎಸ್ ದೀಪವನ್ನು ಇಲ್ಲಿ ಇನ್ನೂ ಗಮನವಿಟ್ಟು ನೋಡಬೇಕು. ಕೀ ತಿರುಗಿಸಿ, ದೀಪಗಳೆಲ್ಲ ಹೊತ್ತುವ ಆ ಕ್ಷಣದಲ್ಲಿ ಕಣ್ಣು ಅಲ್ಲೇ ಇರಲಿ. ಏರ್‌ಬ್ಯಾಗ್ ದೀಪ ಹೊತ್ತಲೇ ಇಲ್ಲ ಅಂದರೆ ಅನುಮಾನಪಡಿ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದ ಮೇಲೆ ಹೊಸದು ಹಾಕದೆ, ದೀಪ ಕಾಣದ ಹಾಗೆ ಮಾಡಿ ಮಾರುವವರಿದ್ದಾರೆ. ಸ್ಟಿಯರಿಂಗ್ ನಡುವಿನ ಮುಚ್ಚಳದ ಬಣ್ಣ ಸುತ್ತಲಿನದಕ್ಕೆ ಹೊಂದುತ್ತಿಲ್ಲವೇ, ಅಂಚಿನಲ್ಲಿ ಸಂದು ಕಾಣುತ್ತಿದೆಯೇ, ಪಕ್ಕದ ಸೀಟಿನ ಎದುರಿನ ಡ್ಯಾಶ್‌ಬೋರ್ಡ್‌ನಲ್ಲಿ ಸೀಳು ಮುಚ್ಚಿದ ಗುರುತಿದೆಯೇ ನೋಡಿ. ಗಾಡಿಗೆ ಹಿಂದೆ ದೊಡ್ಡ ಅಪಘಾತ ಆಗಿದ್ದು ಗೊತ್ತಾದರೆ, ಈಗ ಇರುವ ಏರ್‌ಬ್ಯಾಗ್ ಎಲ್ಲಿಂದ ಬಂತು ಅಂತ ಬಿಲ್ಲು ಕೇಳಿ. ನಕಲಿ ಏರ್‌ಬ್ಯಾಗ್‌ಗಳ ಬಗ್ಗೆ ಅಮೆರಿಕದ ಸುರಕ್ಷತಾ ಸಂಸ್ಥೆ 2012ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅವು ನೋಡಲು ಅಸಲಿನ ಹಾಗೇ ಇರುತ್ತವೆ, ಕಂಪನಿಯ ಗುರುತೂ ಇರುತ್ತದೆ.

ಗಾಡಿ ಗುಜರಿಗೆ ಹಾಕುವಾಗ

ರೀಕಾಲ್ ಬಾಕಿ ಇರುವ ಗಾಡಿಯನ್ನು ಹಾಗೇ ಗುಜರಿಗೆ ಕೊಟ್ಟರೆ ಅದರ ಏರ್‌ಬ್ಯಾಗ್ ಬೇರೆಯವರ ಸ್ಟಿಯರಿಂಗ್‌ಗೆ ಹೋಗಿ ಸೇರಬಹುದು. ಅಮೆರಿಕದ ನೆವಾಡಾದಲ್ಲಿ 2017ರಲ್ಲಿ ಹಾಗೇ ಆಯಿತು. ಗುಜರಿಯಾದ ಗಾಡಿಯಿಂದ ತೆಗೆದ ತಕಾಟಾ ಏರ್‌ಬ್ಯಾಗ್ ಇನ್ನೊಂದು ಕಾರಿಗೆ ಸೇರಿತ್ತು, ಡಿಕ್ಕಿಯಲ್ಲಿ ಅದು ಸಿಡಿದು ಚಾಲಕಿಯ ಕುತ್ತಿಗೆಗೆ ಗಂಭೀರ ಗಾಯವಾಯಿತು. ಆ ಕಾರಿನ ಚಾಸಿಸ್ ನಂಬರ್ ಹುಡುಕಿದ್ದರೂ ಇದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕೊಡುವ ಮೊದಲು ಕಂಪನಿಗೆ ಫೋನ್ ಮಾಡಿ, ಇನ್‌ಫ್ಲೇಟರ್ ತೆಗೆದುಕೊಂಡು ಹೋಗುತ್ತೀರಾ ಅಂತ ಕೇಳಿ. ಆಗದಿದ್ದರೆ ಗುಜರಿಯವರಿಗೆ ಕೊಡುವ ಕಾಗದದಲ್ಲೇ ಬರೆಯಿರಿ: ಈ ಗಾಡಿಯ ಏರ್‌ಬ್ಯಾಗ್ ರೀಕಾಲ್ ಆಗಿದೆ, ಬಿಚ್ಚಿ ಮಾರಬಾರದು. ಅವರ ಸಹಿ ಹಾಕಿಸಿ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.